ಅಕ್ಕೋರ ಗರಡಿಮನೆ

"ನಮ್ಮ ಅಜ್ಜಿ ಯಾವ ಜಿಮ್ಮಿಗೆ ಹೋಗಿದ್ದಳು?" ಎಂಬ ಪ್ರಶ್ನೆಗೆ ಹೊನ್ನಾವರದಲ್ಲಿ ಯಾರೂ ಉತ್ತರ ಬಯಸುವುದಿಲ್ಲ. ಕೇಳಿದವರೇ ಗೆದ್ದಂತೆ. ಬಸ್ಸಿನಲ್ಲಿ, ಮದುವೆ ಪಂಕ್ತಿಯಲ್ಲಿ, ಸ್ಟಾಫ್‌ರೂಮಿನಲ್ಲಿ ಎಲ್ಲೇ ಆಗಲಿ, ತೂಕ ಇಳಿಸುವ ಮಾತೆತ್ತಿದರೆ ಸಾಕು, ಯಾರದ್ದಾದರೂ ಅಜ್ಜಿ ತಲೆಯ ಮೇಲೆ ಸೌದೆ ಹೊರೆ ಹೊತ್ತು ಬಂದೇ ಬರುತ್ತಾಳೆ. ತೊಂಬತ್ತು ವರ್ಷ ಬದುಕಿದಳು, ಕನ್ನಡಕ ಹಾಕಲಿಲ್ಲ, ಹಲ್ಲು ಬೀಳಲಿಲ್ಲ, ಕುಚ್ಚಿಗೆ ಅಕ್ಕಿ ಗಂಜಿ ಮತ್ತು ಒಣಮೀನು ಬಿಟ್ಟು ಬೇರೆ ಊಟ ಕಂಡವಳಲ್ಲ. ಇಷ್ಟು ಹೇಳಿ, ಹೇಳಿದವರು ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಾರೆ.

ನನಗೂ ಅಜ್ಜಿ ಇದ್ದಳು. ಅವಳೂ ಹೊರೆ ಹೊತ್ತವಳೇ. ಕೊನೆಯ ವರ್ಷಗಳಲ್ಲಿ ಅವಳ ಬೆನ್ನು ಎಷ್ಟು ಬಾಗಿತ್ತೆಂದರೆ, ಮಳೆ ಬರುತ್ತದೆಯೇ ಎಂದು ಮೋಡ ನೋಡಬೇಕಾದರೂ ಅಂಗಳದ ಕಟ್ಟೆಗೆ ಒರಗಿ ಕೂರಬೇಕಿತ್ತು. ಮೆಟ್ಟಿಲು ಹತ್ತುವಾಗ ಎರಡೂ ಕೈ ಮೊಣಕಾಲಿನ ಮೇಲಿರುತ್ತಿದ್ದವು. ಈ ಭಾಗವನ್ನು ಅಜ್ಜಿಯಂದಿರ ವಕೀಲರು ಹೇಳುವುದಿಲ್ಲ. ಬಾಗಿದ ಬೆನ್ನು ಆ ಕಾಲಕ್ಕೆ ರೋಗವಾಗಿರಲಿಲ್ಲ, ವಯಸ್ಸಿನ ಗುರುತಾಗಿತ್ತು. ಹಾಗಾಗಿ ಯಾರ ನೆನಪಿನಲ್ಲೂ ಅದು ಉಳಿಯಲಿಲ್ಲ.

ನಮ್ಮ ಕರಾವಳಿಯಲ್ಲಿ ಭಾರಕ್ಕೆ ಯಾವತ್ತೂ ಬರವಿರಲಿಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. ಹೊರಗಿನ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾದ ಹೆಸರೇ ಅಂಟಿಕೊಂಡಿತು. ಹೆಸರು ಊರಿಗೆ ಬಂತು, ಲಾಭ ವ್ಯಾಪಾರಿಗಳಿಗೆ ಹೋಯಿತು, ಬೆನ್ನುನೋವು ಹಮಾಲರಿಗೆ ಉಳಿಯಿತು. ಕಾಸರಕೋಡ ಟೊಂಕದಲ್ಲಿ ಇವತ್ತಿಗೂ ಹೆಂಗಸರು ಬುಟ್ಟಿ ತುಂಬ ಮೀನು ಎತ್ತಿ, ಹರಡಿ, ಒಣಗಿಸಿ, ಮತ್ತೆ ತುಂಬಿ ಎತ್ತುತ್ತಾರೆ. ಅಘನಾಶಿನಿಯಲ್ಲಿ ನೀರು ಇಳಿತವಾದ ಹೊತ್ತು ನೋಡಿ ಜನ ಸೊಂಟಮಟ್ಟ ಇಳಿದು ಬಳಚು ತೆಗೆಯುತ್ತಾರೆ. ಕಾಲಲ್ಲಿ ಕೆಸರು ತಡವುವುದು, ಚಿಪ್ಪು ತಾಗಿದರೆ ಬಗ್ಗುವುದು, ಎದ್ದು ಬುಟ್ಟಿಗೆ ಹಾಕುವುದು, ಮತ್ತೆ ಬಗ್ಗುವುದು. ಭರತ ಬಂದು ನೀರು ಏರಿದ ಮೇಲೇ ಬಿಡುವು. ಆ ನಮೂನೆ ಬಸ್ಕಿ ಹೊಡೆಸುವ ಪೈಲ್ವಾನ ಯಾವ ಗರಡಿಯಲ್ಲೂ ಇರಲಿಕ್ಕಿಲ್ಲ. ಕುಮಟಾ ಕಡೆಯ ಹೈಸ್ಕೂಲಿನಲ್ಲಿ ನಾನು ಪಾಠ ಮಾಡುತ್ತಿದ್ದ ವರ್ಷ, ಪಾಲಕರ ಸಭೆಗೆ ಬಂದ ಒಬ್ಬ ತಾಯಿ ಬೆಂಚಿನಿಂದ ಏಳಲು ಮಗಳ ಹೆಗಲು ಹಿಡಿದಳು. ನನ್ನದೇ ವಯಸ್ಸು. ಬಳಚು ತೆಗೆಯುವ ಮನೆಯವರು.

ಶಕ್ತಿ ಬರುವ ಶಾಸ್ತ್ರ ಬಹಳ ಚಿಕ್ಕದು. ಮಾಂಸಖಂಡಕ್ಕೆ ಅದರ ಅಭ್ಯಾಸಕ್ಕಿಂತ ಸ್ವಲ್ಪ ಹೆಚ್ಚು ಭಾರ ಕೊಡಬೇಕು. ಆಮೇಲೆ ಅದನ್ನು ಒಂದೆರಡು ದಿನ ಅದರ ಪಾಡಿಗೆ ಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಅದಕ್ಕೆ ಪ್ರೋಟೀನು ಸಿಗಬೇಕು. ಭಾರ ಎತ್ತುವಾಗ ಅದು ದಣಿಯುತ್ತದೆ, ಗಟ್ಟಿಯಾಗುವುದು ಮಲಗಿದಾಗ. ಈ ಮೂರರಲ್ಲಿ ನನ್ನ ಅಜ್ಜಿಗೆ ಸಿಕ್ಕಿದ್ದು ಮೊದಲನೆಯದು ಮಾತ್ರ, ಅದೂ ಅಳತೆಯಿಲ್ಲದೆ. ಬಿಡುವು ಹೆರಿಗೆಗೆ ಬಿಟ್ಟರೆ ಇನ್ನೊಂದಕ್ಕೆ ಸಿಕ್ಕಿದ್ದಿಲ್ಲ. ಊಟದ ವಿಷಯ ಮುಂದೆ ಹೇಳುತ್ತೇನೆ.

ಅಜ್ಜಿಯ ಬದಲು ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಸರು ಹೇಳಿದ್ದರೆ ನಾನು ತಲೆದೂಗುತ್ತಿದ್ದೆ. 1933ರಲ್ಲಿ ಹುಟ್ಟಿದವರು, 2012ರಲ್ಲಿ ಪದ್ಮಶ್ರೀ ಬರುವಾಗ ಎಂಬತ್ತರ ಹೊಸ್ತಿಲಲ್ಲಿದ್ದರು, ಆಗಲೂ ಗೆಜ್ಜೆ ಬಿಚ್ಚಿರಲಿಲ್ಲ. ನಮ್ಮ ತಾಲೂಕಿನವರೇ. ಅವರ ಭಸ್ಮಾಸುರನನ್ನು ನೋಡಲು ಜನ ಚಾಪೆ ಹಿಡಿದು ಬರುತ್ತಿದ್ದರು. ಬಡಗುತಿಟ್ಟಿನಲ್ಲಿ ಮಂಡಿಯೂರಿ ಗಿರಕಿ ಹೊಡೆಯುವುದಿದೆಯಲ್ಲ, ಅದನ್ನು ನೋಡುತ್ತಿದ್ದರೆ ನಮ್ಮ ಮೊಣಕಾಲು ನೋಯುತ್ತದೆ. ಆದರೆ ಅದು ಹುಡುಗನಾಗಿದ್ದಾಗಿನಿಂದ ಹೆಜ್ಜೆ ಹೆಜ್ಜೆಯಾಗಿ ಕಲಿತ, ತಾಳಕ್ಕೆ ಅಳೆದ ಶ್ರಮ. ಗುಣವಂತೆಯಲ್ಲಿ ಕೆರೆಮನೆಯವರ ಕಲಾಕೇಂದ್ರದಲ್ಲಿ ಮಕ್ಕಳು ಕುಣಿಯುವುದನ್ನು ನೋಡಿದವರಿಗೆ ಇದು ಗೊತ್ತು. ಮೊದಲ ದಿನವೇ ಯಾರನ್ನೂ ಭಸ್ಮಾಸುರ ಮಾಡುವುದಿಲ್ಲ.

ನನ್ನ ಕಥೆಯಲ್ಲಿ ಇಷ್ಟು ಬಣ್ಣವಿಲ್ಲ. ನಾನು ಕನ್ನಡದ ಅತಿಥಿ ಶಿಕ್ಷಕಿ, ಊರವರ ಬಾಯಲ್ಲಿ ಅಕ್ಕೋರು. ಮನೆ ಹೊನ್ನಾವರದಲ್ಲಿ. ಒಂದು ವರ್ಷ ಭಟ್ಕಳ, ಇನ್ನೊಂದು ವರ್ಷ ಕುಮಟಾ, ಎಲ್ಲಿ ಹುದ್ದೆ ಖಾಲಿಯೋ ಅಲ್ಲಿಗೆ. ಹೆದ್ದಾರಿಯ ಕೆಲಸ ನಡೆದ ವರ್ಷಗಳಲ್ಲಿ ಬಸ್ಸಿನಲ್ಲಿ ಕೂತು ಕೂತೇ ಸೊಂಟ ಅಗಲವಾಯಿತು. ನಲವತ್ತೈದರ ಆಚೆ ಡಾಕ್ಟರು ರಕ್ತದ ಚೀಟಿ ನೋಡಿ, ಸಕ್ಕರೆ ಗಡಿಯಲ್ಲಿದೆ ಎಂದರು. ಕೊಬ್ಬು ಕರಗಬೇಕು, ಮಾಂಸಖಂಡ ಉಳಿಯಬೇಕು, ಊಟ ಮಾಡಿದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಅದೇ ಎಂದರು. ಬರೀ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಮಾಂಸವೂ ಹೋಗುತ್ತದಂತೆ. ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರ ಮೂಳೆ ಟೊಳ್ಳಾಗುವುದನ್ನು ತಡೆಯಲೂ ಭಾರ ಎತ್ತುವುದೇ ಮದ್ದಂತೆ. ಚೀಟಿಯ ಹಿಂದೆ "ವಾಕಿಂಗ್" ಎಂದು ಬರೆದಿರುತ್ತಾರೆ ಎಂದು ತಿಳಿದಿದ್ದ ನನಗೆ ಇದು ಹೊಸದು.

ಊರಿನ ಜಿಮ್ಮಿನ ಶುಲ್ಕ ಕೇಳಿದೆ. ನನ್ನ ಬಸ್ ಪಾಸು, ಮೊಬೈಲ್ ರೀಚಾರ್ಜು, ಗ್ಯಾಸು ಮೂರೂ ಸೇರಿದರೂ ಅಷ್ಟಾಗುತ್ತಿರಲಿಲ್ಲ. ಹೆಂಗಸರ ಸಮಯ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ನಾನು ಒಂಬತ್ತನೇ ತರಗತಿಗೆ ಸಂಧಿ ಸಮಾಸ ಬಿಡಿಸುತ್ತಿರುತ್ತೇನೆ. ಭಟ್ಕಳದಲ್ಲಿದ್ದಾಗ ಪರಿಚಯವಾದ ಒಂದು ಮನೆಯಲ್ಲಿ ದುಬೈಯಲ್ಲಿರುವ ಯಜಮಾನರು ಹೆಂಡತಿಗಾಗಿ ಟ್ರೆಡ್‌ಮಿಲ್ಲು ಕೊಡಿಸಿದ್ದರು. ಆಷಾಢದ ಮಳೆಯಲ್ಲಿ ನಾನು ಹೋದಾಗ ಅದರ ಎರಡೂ ಹಿಡಿಕೆಗಳ ಮೇಲೆ ಮಕ್ಕಳ ಸಮವಸ್ತ್ರ ಒಣಗುತ್ತಿತ್ತು. "ಅಕ್ಕೋರೇ, ಫ್ಯಾನಿನ ಕೆಳಗೆ ಇಟ್ಟಿದ್ದೇನೆ, ಒಳ್ಳೇ ಉಪಯೋಗ," ಎಂದಳು ಆಕೆ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಇದಕ್ಕಿಂತ ಸಾರ್ಥಕವಾದ ಯಂತ್ರ ಇನ್ನೊಂದಿರಲಾರದು.

ಹಾಗಾಗಿ ಗರಡಿ ಮನೆಯಲ್ಲೇ ಶುರುವಾಯಿತು, ಹಿತ್ತಲಿನ ಮಾಡಿನ ಕೆಳಗೆ, ಸೌದೆ ಒಟ್ಟಿದ ಜಾಗದ ಪಕ್ಕ. ಪಕ್ಕದ ಮನೆ ಕಟ್ಟಿ ಮುಗಿಸಿ ಉಳಿದಿದ್ದ ಮರಳನ್ನು ಕೇಳಿ ತಂದು, ಐದು ಲೀಟರಿನ ಎರಡು ಎಣ್ಣೆ ಕ್ಯಾನುಗಳಿಗೆ ತುಂಬಿದೆ. ಎಷ್ಟು ತೂಕವಾಯಿತೆಂದು ನೋಡಬೇಕಲ್ಲ? ಕಿರಾಣಿ ಅಂಗಡಿಯ ತಕ್ಕಡಿಗೆ ಒಯ್ದೆ. ಅಂಗಡಿಯವರು ಮುಚ್ಚಳ ತೆಗೆದು ಇಣುಕಿ, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಅಕ್ಕೋರೇ, ಮರಳಿಗೆ ಪರ್ಮಿಟ್ ಇದ್ಯಾ?" ಶರಾವತಿಯ ಮರಳಿಗೆ ಲಾರಿಗಳು ಸಿಕ್ಕಿಬೀಳುವ ಕಾಲ. ಅವರ ಅನುಮಾನದಲ್ಲಿ ತಪ್ಪೇನಿರಲಿಲ್ಲ. ತುಂಬಿದ ಕ್ಯಾನು ಎಂಟು ಕಿಲೋದ ಹತ್ತಿರ ಬಂತು. ಅಷ್ಟನ್ನು ತಲೆಯ ಮೇಲಕ್ಕೆ ಎತ್ತುವುದು ಮೊದಮೊದಲು ನನ್ನಿಂದಾಗಲಿಲ್ಲ. ಅರ್ಧ ಸುರಿದೆ. ಹನ್ನೆರಡು ಸಲ ಸಲೀಸಾಗಿ ಎತ್ತಲು ಬಂದ ದಿನ ಇನ್ನೊಂದು ಲೋಟ ಮರಳು. ಒಂದು ಲೋಟಕ್ಕೆ ಮುನ್ನೂರು ಗ್ರಾಮಿನಷ್ಟು. ಕಬ್ಬಿಣದ ಡಂಬೆಲ್ಲಿನಲ್ಲಿ ಇಷ್ಟು ಸಣ್ಣ ಹೆಜ್ಜೆ ಇಡಲು ಸಾಮಾನ್ಯವಾಗಿ ಬರುವುದಿಲ್ಲ, ಒಮ್ಮೆಗೇ ಕಿಲೋ ಲೆಕ್ಕದಲ್ಲಿ ಜಿಗಿಯಬೇಕು. ಬಡವರ ಸಲಕರಣೆಗೆ ಹೀಗೂ ಒಂದು ಅನುಕೂಲ.

ಬಸ್ಕಿಗೆ ಏನೂ ಬೇಡ. ಮೊದಲು ಕುರ್ಚಿಯಲ್ಲಿ ಕೂತು ಏಳುವುದು, ಆಮೇಲೆ ಮಣೆ, ಆಮೇಲೆ ಗಾಳಿಯಲ್ಲೇ. ಮೆಟ್ಟುಗತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಲಸಿನಕಾಯಿ ಹೆಚ್ಚುತ್ತಿದ್ದ ಮೈ, ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಅದನ್ನು ಮರೆತಿತ್ತು. ಮೊದಮೊದಲು ಗೊಣಗಿತು, ಆಮೇಲೆ ಒಗ್ಗಿತು. ದಂಡ ಹೊಡೆಯಲು ಗೋಡೆಗೆ ಕೈಕೊಟ್ಟು ಶುರುಮಾಡಿದೆ, ಗೋಡೆಯಿಂದ ಬಾವಿಕಟ್ಟೆಗೆ, ಕಟ್ಟೆಯಿಂದ ಜಗುಲಿಯ ಮೆಟ್ಟಿಲಿಗೆ ಇಳಿದೆ. ಕೈ ಊರುವ ಜಾಗ ತಗ್ಗಾದಷ್ಟೂ ಮೈಯ ಭಾರ ಹೆಚ್ಚು. ನೆಲಕ್ಕೆ ಇಳಿಯುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಆಮೇಲೆ ಹಳೇ ಗೈಡುಗಳನ್ನು ತುಂಬಿದ ಶಾಲಾ ಚೀಲ ಬೆನ್ನಿಗೆ. ಹತ್ತನೇ ತರಗತಿಯ ಎಲ್ಲ ವಿಷಯಗಳ ಗೈಡು ಸೇರಿದರೆ ಎಷ್ಟು ಭಾರ ಎಂಬುದು ಮಕ್ಕಳಿಗೆ ಗೊತ್ತಿತ್ತು, ನನಗೆ ಆಗ ಗೊತ್ತಾಯಿತು.

ಮನೆಯಲ್ಲಿ ವ್ಯಾಯಾಮ ಮಾಡುವವರಿಗೆಲ್ಲ ಕೈಕೊಡುವ ಒಂದು ಜಾಗವಿದೆ, ಬೆನ್ನು. ತಳ್ಳುವುದಕ್ಕೆ ನೆಲವಿದೆ, ಗೋಡೆಯಿದೆ. ಎಳೆಯುವುದಕ್ಕೆ ಏನೂ ಇರುವುದಿಲ್ಲ. ಪೇಟೆಯವರು ಬಾಗಿಲ ಚೌಕಟ್ಟಿಗೆ ಸರಳು ಸಿಕ್ಕಿಸುತ್ತಾರೆ, ರಬ್ಬರಿನ ಪಟ್ಟಿ ಕೊಳ್ಳುತ್ತಾರೆ. ನಮ್ಮಲ್ಲಿ ಬಾವಿ ಇತ್ತು. ಪಂಪು ಕೂರಿಸಿದ ಮೇಲೆ ತುಕ್ಕು ಹಿಡಿದು ತೂಗುತ್ತಿದ್ದ ರಾಟೆಗೆ ತೆಂಗಿನೆಣ್ಣೆ ಬಿಟ್ಟು, ಹೊಸ ಹಗ್ಗ ಕಟ್ಟಿದೆ. ಕೊಡಪಾನದಲ್ಲಿ ನೀರು ಎಷ್ಟಿರಬೇಕೆಂಬುದು ನಮ್ಮ ಕೈಯಲ್ಲೇ. ಮೊಣಕೈ ಪಕ್ಕೆಗೆ ತಾಗುವಂತೆ, ಬೆನ್ನು ನೆಟ್ಟಗಿಟ್ಟು, ನಿಧಾನವಾಗಿ ಎಳೆದರೆ ರೆಕ್ಕೆಮೂಳೆಗಳ ನಡುವೆ ಒಂದು ಬಿಸಿ ಹುಟ್ಟುತ್ತದೆ. ಅಜ್ಜಿಯೂ ಇಂಥದ್ದೇ ಬಾವಿಯಲ್ಲಿ ಸೇದಿದವಳು. ಅವಳು ಎಂಟು ಜನರ ಸ್ನಾನಕ್ಕೆ, ಎಮ್ಮೆಗೆ, ಬಾಣಂತಿಗೆ, ಎಲ್ಲರಿಗೂ ಆಗುವಷ್ಟು ಸೇದುತ್ತಿದ್ದಳು. ನಾನು ಬೇಕಾದಷ್ಟು ಸೇದಿ, ನೀರನ್ನು ಬಸಳೆ ಬುಡಕ್ಕೆ ಚೆಲ್ಲಿ, ಹಗ್ಗ ಬಿಟ್ಟು ನಡೆಯುತ್ತೇನೆ. ಕೆಲಸ ಒಂದೇ ಆದರೂ ಬಿಟ್ಟು ನಡೆಯುವ ಸ್ವಾತಂತ್ರ್ಯ ಅವಳಿಗಿರಲಿಲ್ಲ.

ಈ ಮಾತಿಗೆ ಕೆ.ವಿ. ಅಯ್ಯರ್ ಏನೆನ್ನುತ್ತಿದ್ದರೋ! ಕನ್ನಡ ಮೇಷ್ಟರುಗಳಿಗೆಲ್ಲ ಅವರು ‘ಶಾಂತಲಾ’ ಬರೆದ ಕಾದಂಬರಿಕಾರರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರೂ ಅವರೇ, 1930ರಲ್ಲೇ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದವರು. ಡಂಬೆಲ್ಲು, ದಂಡ, ಸೂರ್ಯನಮಸ್ಕಾರ ಎಲ್ಲವನ್ನೂ ಬೆರೆಸಿ ಒಂದು ಪದ್ಧತಿ ಮಾಡಿ, ಅದನ್ನು ಅಂಚೆಯಲ್ಲಿ ಕಲಿಸುತ್ತಿದ್ದರು. ಇವತ್ತು ಮೊಬೈಲಿನಲ್ಲಿ ಬರುವ ಕೋರ್ಸು ಆಗ ಲಕೋಟೆಯಲ್ಲಿ ಬರುತ್ತಿತ್ತು ಅಷ್ಟೇ. ಮೈಕಟ್ಟು ದೇವರು ಕೊಟ್ಟದ್ದಲ್ಲ, ಮನೆಯಲ್ಲೇ ಮಾಡಿಕೊಳ್ಳಬಹುದಾದದ್ದು ಎಂಬ ಅವರ ನಂಬಿಕೆ ನನಗೆ ಒಪ್ಪಿಗೆ. ಆದರೆ ಮನೆಯೊಳಗೆ ಅರ್ಧ ಗಂಟೆ ಯಾರೂ ಕರೆಯದಂತೆ ಇರುವುದು ಹೇಗೆ ಎಂಬ ಪಾಠ ಯಾವ ಲಕೋಟೆಯಲ್ಲೂ ಬರುವುದಿಲ್ಲ.

ಇನ್ನು ಊಟ. ಖರ್ಚು, ಕೊಬ್ಬು, ಜಗಳ ಮೂರೂ ಇರುವುದು ಅಲ್ಲೇ.

ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲೊರಿ ಕಳೆಯಬೇಕು. ಮರಳಿನ ಕ್ಯಾನು ಅರ್ಧ ಗಂಟೆ ಎತ್ತಿದರೆ ನೂರು, ಹೆಚ್ಚೆಂದರೆ ನೂರೈವತ್ತು. ಹಾಗಾಗಿ ವ್ಯಾಯಾಮದಿಂದ ಸೊಂಟ ಇಳಿಯುತ್ತದೆಂದು ಕಾದು ಕೂತವರು ಕಾಯುತ್ತಲೇ ಇರುತ್ತಾರೆ. ಕಳೆಯಬೇಕಾದದ್ದು ತಟ್ಟೆಯಲ್ಲಿ. ನಮ್ಮ ತಟ್ಟೆಯಲ್ಲಿ ಕೊಬ್ಬು ಎಲ್ಲಿಂದ ಬರುತ್ತದೆ ಎಂದು ದೂರ ಹುಡುಕಬೇಕಿಲ್ಲ, ಅಂಗಳದಲ್ಲೇ ನಿಂತಿದೆ. ಒಂದು ಮಧ್ಯಮ ತೆಂಗಿನಕಾಯಿಯ ತಿರುಳಿನಲ್ಲಿ 1000 ಕ್ಯಾಲೊರಿಯ ಆಸುಪಾಸು. ಮೀನು ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ದೋಸೆಯ ಚಟ್ನಿಗೆ ಕಾಯಿ, ಕೊನೆಗೆ ಒಗ್ಗರಣೆಗೂ ಕೊಬ್ಬರಿ ಎಣ್ಣೆ. ಕಾಯಿಯ ದರ ಏರಿದ್ದು ನನಗೆ ಅನುಕೂಲವೇ ಆಯಿತು. ಉಳಿತಾಯದ ಹೆಸರಿನಲ್ಲಿ ಅರ್ಧಕ್ಕಿಳಿಸಿದೆ. ಮೊದಲ ದಿನ ಅತ್ತೆ ಸಾರನ್ನು ಸೌಟಿನಲ್ಲಿ ಎತ್ತಿ ನೋಡಿ, "ಕಾಯಿ ಕೊಯ್ಯುವವ ಬರಲಿಲ್ವಾ?" ಎಂದು ಕೇಳಿದರು. ನಮ್ಮನೆಯವರು ಏನೂ ಕೇಳಲಿಲ್ಲ, ಉಪ್ಪಿನಕಾಯಿ ಭರಣಿ ಹತ್ತಿರ ಎಳೆದುಕೊಂಡರು.

ಅನ್ನ ಕಮ್ಮಿ ಮಾಡುವುದು ಇಷ್ಟು ಕಷ್ಟವಾಗಲಿಲ್ಲ. ಕುಚ್ಚಿಗೆ ಅಕ್ಕಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಒಂದು ಸೌಟು ಕಮ್ಮಿಯಾದರೆ ಯಾರಿಗೂ ತಿಳಿಯುವುದಿಲ್ಲ. ಕಷ್ಟವಾದದ್ದು ಪ್ರೋಟೀನು. ದುಬಾರಿ ಎಂದಲ್ಲ. ಕೆಲವೇ ರೂಪಾಯಿಯ ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ನೂರು ಗ್ರಾಂ ಹೆಸರುಕಾಳಿನಲ್ಲಿ, ಹುರುಳಿಯಲ್ಲಿ, ಶೇಂಗಾದಲ್ಲಿ ಇಪ್ಪತ್ತೆರಡರಿಂದ ಇಪ್ಪತ್ತೈದು, ಆದರೆ ಶೇಂಗಾದಲ್ಲಿ ಎಣ್ಣೆಯೂ ಇದೆ, ಕೈ ಹಿಡಿಯಬೇಕು. ಮಧ್ಯಮ ಗಾತ್ರದ ಎರಡು ಬಂಗಡೆ ತಿಂದರೆ ಮೂವತ್ತು ಗ್ರಾಮಿನಷ್ಟು. ತಾರಲೆ ಇನ್ನೂ ಅಗ್ಗ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಮೈತೂಕದ ಕಿಲೋಗೆ 0.83 ಗ್ರಾಂ ಸಾಕು. ಭಾರ ಎತ್ತುತ್ತ ಕೊಬ್ಬು ಇಳಿಸುವವರಿಗೆ ಒಂದೂಕಾಲಿನಿಂದ ಒಂದೂವರೆ ಗ್ರಾಂ ಬೇಕಾಗುತ್ತದೆ. (ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು.) ಡಬ್ಬಿಯ ಪುಡಿ ಬೇಕೆಂದೇನೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಮೀನಿನ ದರ ಮೇಲೇರುತ್ತದೆ. ಆಗ ಮೊಟ್ಟೆ, ಹುರುಳಿ. ಒಣಮೀನಿನಲ್ಲಿ ಪ್ರೋಟೀನು ಧಾರಾಳ, ಉಪ್ಪೂ ಅಷ್ಟೇ ಧಾರಾಳ.

ಹುರುಳಿಯ ವಿಷಯದಲ್ಲಿ ನಮ್ಮ ಹಿರಿಯರು ಮಾಡಿದ ಹಂಚಿಕೆ ನೆನೆದರೆ ನಗು ಬರುತ್ತದೆ. ಹುರುಳಿ ಬೇಯಿಸಿ, ಕಟ್ಟು ಬಸಿದು, ಇಂಗು ಬೆಳ್ಳುಳ್ಳಿ ಹಾಕಿ ಸಾರು ಮಾಡಿ ಮನೆಮಂದಿಯೆಲ್ಲ "ಆಹಾ, ಎಂತಾ ತಾಕತ್ತು" ಎಂದು ಸುರಿದುಕೊಳ್ಳುತ್ತಿದ್ದರು. ಬೆಂದ ಕಾಳು ಎತ್ತಿಗೆ, ಎಮ್ಮೆಗೆ. ಪ್ರೋಟೀನು ಇದ್ದದ್ದು ಬಹುಪಾಲು ಆ ಕಾಳಿನಲ್ಲಿ. ಎತ್ತು ಯಾಕೆ ಹಾಗಿತ್ತು, ಅಜ್ಜಿ ಯಾಕೆ ಹೀಗಿದ್ದಳು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮೀನಿನ ಹಂಚಿಕೆಯೂ ಇದೇ ಜಾತಿಯದು. ನಡುಗಡಿ ಗಂಡಸರಿಗೆ, ಆಮೇಲೆ ಮಕ್ಕಳಿಗೆ. ತಲೆ, ಬಾಲ, ಪಾತ್ರೆಯ ತಳದ ಮಸಾಲೆ ಬಡಿಸಿದವಳಿಗೆ. ಬಂಗಡೆಯ ತಲೆ ರುಚಿ ಎಂದು ಹೆಂಗಸರು ಹೇಳಿಕೊಂಡು ಬಂದದ್ದು ಅದರ ರುಚಿಗೋ, ಬೇರೆ ದಾರಿಯಿಲ್ಲದ್ದಕ್ಕೋ, ನನಗೆ ಅನುಮಾನ. ಮನೆಗೆ ಬರುವ ಪ್ರೋಟೀನು ಎಷ್ಟು ಎಂದು ಲೆಕ್ಕ ಹಾಕುವ ಪತ್ರಿಕೆಯವರು, ಅದು ಯಾರ ತಟ್ಟೆಗೆ ಬೀಳುತ್ತದೆ ಎಂದು ಕೇಳುವುದಿಲ್ಲ. ಒಂದು ಭಾನುವಾರ ನಾನು ಬಡಿಸುವ ಮೊದಲೇ ಎರಡು ಇಡೀ ಬಂಗಡೆ ನನ್ನ ತಟ್ಟೆಗೆ ಎತ್ತಿಟ್ಟು, ಮೇಲೆ ಇನ್ನೊಂದು ತಟ್ಟೆ ಮುಚ್ಚಿದೆ. ಊಟಕ್ಕೆ ಕೂತ ಮೇಲೆ ಮಗ ಮುಚ್ಚಳ ತೆಗೆದು, "ಇದು ಯಾರದ್ದು?" ಎಂದ. "ನಂದು," ಎಂದೆ. ಯಾರೂ ಮಾತಾಡಲಿಲ್ಲ. ಅತ್ತೆ ತಮ್ಮ ತಟ್ಟೆಯ ತಲೆಯನ್ನು ಸ್ವಲ್ಪ ಹೊತ್ತು ನೋಡಿದರು. ಮುಂದಿನ ವಾರ ಮೀನಿನವಳು ಬಂದಾಗ ಒಳಗಿನಿಂದ ಅವರ ದನಿ ಕೇಳಿತು: "ಎರಡು ಹೆಚ್ಚಿಗೆ ತಕ. ನಂಗೂ ಒಂದು ಇಡೀದು ಇರ್ಲಿ." ಮನೆಯ ಮೀನಿನ ಖರ್ಚು ಏರಿತು, ಹೌದು. ಬೇಕರಿಯಿಂದ ಬರುತ್ತಿದ್ದ ಖಾರಾ, ಟೋಸ್ಟು, ಬನ್ನು ನಿಂತಿದ್ದರಿಂದ ಲೆಕ್ಕ ಸರಿಹೋಯಿತು.

ತೂಕದ ಯಂತ್ರ ನನ್ನನ್ನು ಗೋಳುಹೊಯ್ದುಕೊಂಡಿತು. ಮೆಡಿಕಲ್ ಅಂಗಡಿಯ ಮುಂದಿನ ಯಂತ್ರ ತಿಂಗಳುಗಟ್ಟಲೆ ಹೆಚ್ಚೂಕಮ್ಮಿ ಅದೇ ಸಂಖ್ಯೆ ತೋರಿಸುತ್ತಿತ್ತು. ಕೊಬ್ಬು ಹೋಗಿ ಮಾಂಸ ಬಂದರೆ ಕಾಟಾ ಅಲುಗುವುದಿಲ್ಲ ಎಂದು ಓದಿದ್ದೆ. ಹೊಸದಾಗಿ ಭಾರ ಎತ್ತುವವರಲ್ಲಿ, ಮೈಯಲ್ಲಿ ದಾಸ್ತಾನು ಇರುವವರಲ್ಲಿ ಎರಡೂ ಒಟ್ಟಿಗೆ ನಡೆಯುತ್ತವಂತೆ. ಆದರೆ ಓದಿದ್ದನ್ನು ನಂಬಲು ಸಾಕ್ಷಿ ಬೇಕಲ್ಲ. ಸಾಕ್ಷಿ ಸಿಕ್ಕಿದ್ದು ಬ್ಲೌಸ್ ಹೊಲಿಯುವವಳ ಹತ್ತಿರ. ಗಣಪತಿ ಹಬ್ಬಕ್ಕೆ ಹಳೇ ಅಳತೆಗೇ ಬ್ಲೌಸ್ ಹೊಲಿದಿದ್ದಳು. ಹಾಕಿ ನೋಡಿದರೆ ತೋಳು ಮೇಲೇರುವುದಿಲ್ಲ, ನಡು ಮಾತ್ರ ಗಾಳಿಯಾಡುತ್ತಿದೆ. ಅವಳು ಟೇಪು ಹಿಡಿದು ಎರಡೆರಡು ಸಲ ಅಳೆದು ತನ್ನ ಪುಸ್ತಕ ತೆಗೆದಳು. "ಅಕ್ಕೋರೇ, ನಡು ಎರಡಿಂಚು ಒಳಗೆ ಹಾಕ್ಬೇಕು, ತೋಳು ಅರ್ಧ ಇಂಚು ಬಿಡ್ಬೇಕು. ಇಷ್ಟು ವರ್ಷ ಹೊಲಿದಿದ್ದೇನೆ, ಎಲ್ಲರದ್ದೂ ಎರಡೂ ಕಡೆ ಬಿಡೋದೇ." ಆಮೇಲೆ ತೋಳನ್ನು ಒತ್ತಿ ನೋಡಿ, "ಬಾವು ಅಲ್ಲವಷ್ಟೇ?" ಎಂದು ಕೇಳಿದಳು.

ನೋಡುವವರ ಕಣ್ಣನ್ನು ದಾಟುವುದು ಎಲ್ಲಕ್ಕಿಂತ ದುಬಾರಿ. ಗಂಡಸು ಅಂಗಳದಲ್ಲಿ ಬಸ್ಕಿ ಹೊಡೆದರೆ ಶಿಸ್ತು, ಹೆಂಗಸು ಹೊಡೆದರೆ ಸುದ್ದಿ. ಹಿತ್ತಲಿನ ಬೇಲಿಗೆ ದಾಸವಾಳ ದಟ್ಟವಾಗಿ ಬೆಳೆಯುವ ತನಕ ನಾನು ನಸುಕಿನಲ್ಲೇ ಮುಗಿಸುತ್ತಿದ್ದೆ. ಸುದ್ದಿ ಹೇಗೋ ಹಬ್ಬಿತು, ಆದರೆ ಬೇರೆ ರೂಪದಲ್ಲಿ. ಅಕ್ಕೋರಿಗೆ ಶಕ್ತಿ ಇದೆ ಎಂದು ಕೇರಿಗೆ ತಿಳಿದ ಮೇಲೆ ಕರೆಗಳು ಶುರುವಾದವು. ತುಂಬಿದ ಗ್ಯಾಸ್ ಸಿಲಿಂಡರು ಮೂವತ್ತು ಕಿಲೋದ ಹತ್ತಿರ ಇರುತ್ತದೆ. ಗಾಡಿಯವನು ಗೇಟಿನ ಹತ್ತಿರ ಇಳಿಸಿ ಹೋಗುತ್ತಾನೆ. ಕೇರಿಯ ಗಂಡುಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ. "ಅಕ್ಕೋರೇ, ಒಳಗೆ ಇಟ್ಟು ಕೊಡ್ತ್ರಾ?" ಕೊಟ್ಟೆ. ಆಮೇಲೆ ಇಪ್ಪತ್ತೈದು ಕಿಲೋ ಅಕ್ಕಿ ಚೀಲ, ಮೇಲಿನ ಅಟ್ಟದ ಹಂಡೆ, ಮಳೆಗಾಲಕ್ಕೆ ಮುಂಚೆ ಸರಿಸಬೇಕಾದ ಚಿರೆಕಲ್ಲು. ಅಜ್ಜಿಯ ಹೊರೆ ಬೇರೆ ಬಾಗಿಲಿನಿಂದ ಮನೆಗೆ ಬರುತ್ತಿದೆ ಎಂದು ಚಿರೆಕಲ್ಲಿನ ದಿನ ಹೊಳೆಯಿತು. ಈಗ ವಾರದಲ್ಲಿ ಮಂಗಳವಾರ, ಗುರುವಾರ, ಭಾನುವಾರ ಸಿಲಿಂಡರು ಎತ್ತುವುದಿಲ್ಲ. ಎದುರುಮನೆಯ ಬಾಯಮ್ಮ ಮೊದಲು ಮುಖ ಗಂಟಿಕ್ಕಿಕೊಂಡರು. ಈಚೆಗೆ ಅವರೇ ಗ್ಯಾಸ್ ಬುಕ್ ಮಾಡುವ ಮುಂಚೆ ಬೇಲಿಯಾಚೆಯಿಂದ ಕೇಳುತ್ತಾರೆ: "ಬುಧವಾರ ಬಂದ್ರೆ ಆಗ್ತದ್ಯಾ ಅಕ್ಕೋರೇ, ಅಲ್ಲ ಅವತ್ತೂ ನಿಮಗೆ ರಜೆಯಾ?"